ದೀಪಸ್ತಂಭದ ಬಾಗಿಲಲ್ಲಿ ಆನೆ

ಏಪ್ರಿಲ್ 4, ಶುಕ್ರವಾರ

ಸಿಕ್ಕಿತು, ಸಿಕ್ಕಿತು, ಲೈಬ್ರರಿಯ ಕೆಲಸ ನಮ್ಮ ಅಂಗಡಿಗೇ ಸಿಕ್ಕಿತು! ಮಕ್ಕಳ ವಿಭಾಗದಲ್ಲಿ ಹರಿದು, ಜೋತುಬಿದ್ದು, ಹೊಲಿಗೆ ಬಿಚ್ಚಿಕೊಂಡ ಅಷ್ಟೂ ಪುಸ್ತಕಗಳನ್ನು ಈ ಬೇಸಿಗೆಯಲ್ಲಿ ಬೈಂಡ್ ಮಾಡಿಕೊಡುವುದು ಇವರೇ. ಲೈಬ್ರರಿ ಮೇಡಂ ಫೋನ್ ಮಾಡಿದಾಗ ಇವರು "ಸರಿ ಮೇಡಂ, ಆಗಲಿ ಮೇಡಂ" ಎಂದಷ್ಟೇ ಹೇಳಿ ಅಂಟು ಕಲಸಲು ಹೋದರು. ಕುಣಿದದ್ದು ನಾನು, ಅದೂ ಮೆಟ್ಟಿಲ ಮೇಲೆ.

"ಏ ಕಾನ್ವೆಂಟು, ಬಿದ್ದು ಕೈಕಾಲು ಮುರ್ಕೊಂಡ್ರೆ ನಿನಗೂ ರಟ್ಟು ಹಾಕಿ ಬೈಂಡ್ ಮಾಡ್ಬೇಕಾಗುತ್ತೆ" ಎಂದರು ಕೆಳಗಿನಿಂದ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನನಗೆ ಅಡ್ಡಹೆಸರು! ಹಾಗೆ ಕರೆಯುವಾಗ ಇವರ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ. ಬಲಗೆನ್ನೆಯಲ್ಲಿ ಬೀಳುವುದಿಲ್ಲ. ಇದನ್ನು ಕಂಡುಹಿಡಿದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಕೆಳಗೆ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಇಲ್ಲಿ ಎಲ್ಲಕ್ಕೂ ಗೋಂದಿನ ವಾಸನೆ. ಪರದೆಗೂ, ದಿಂಬಿಗೂ, ಇವರಿಗೂ. ನನಗಂತೂ ಇಷ್ಟ! ನಾನೂ ಕೆಲಸಕ್ಕೆ ಕೈಹಚ್ಚುತ್ತೇನೆ ಎಂದಿದ್ದೇನೆ. ಹೂಂ ಎಂದಿದ್ದಾರೆ.

ಅಂದ ಹಾಗೆ, ಕನ್ನಡದಲ್ಲಿ ಬರೆಯುವುದು ನನಗೆ ಸಲೀಸು. ತಲೆಗೆ ಬಂದದ್ದನ್ನು ಗೀಚಿದರಾಯಿತು. ಓದುವುದೇ ಕಷ್ಟ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಪುಸ್ತಕ ಹಿಡಿದರೆ ಬೆರಳಿಟ್ಟುಕೊಂಡು ಹೋಗಬೇಕು. ಬೇರೆಯವರು ಬರೆದದ್ದರಲ್ಲಿ ಮುಂದೆ ಏನು ಬರುತ್ತದೋ ನನಗೇನು ಗೊತ್ತು?

ಏಪ್ರಿಲ್ 6, ಭಾನುವಾರ

ಇಪ್ಪತ್ಮೂರು ವರ್ಷಕ್ಕೇ ನಾನು ಅತ್ತೆಯಾದೆ!

ಇವರ ಅಕ್ಕ ಮಗಳನ್ನು ಕರೆತಂದು ಬಿಟ್ಟುಹೋದರು. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಬೇಸಿಗೆಯಿಡೀ ಡಬಲ್ ಡ್ಯೂಟಿ. ಭಾವ ಸರಕು ಹಡಗಿನಲ್ಲಿ ಅಡುಗೆ ಮುಖ್ಯಸ್ಥರು, ಹೊರಟು ಬಹಳ ದಿನವಾಯಿತು, ಯಾವ ಬಂದರಿನಲ್ಲಿದ್ದಾರೋ ಫೋನ್ ಬಂದಾಗಲೇ ತಿಳಿಯುವುದು. ಹುಡುಗಿಗೆ ಹದಿಮೂರು. ಮನೆಯಲ್ಲಿ ಕರೆಯುವ ಹೆಸರು ಸೈರನ್. ಕೂಸಾಗಿದ್ದಾಗ ಅತ್ತರೆ ಬೀದಿಯೇ ಎದ್ದು ಕೂರುತ್ತಿತ್ತಂತೆ. ಈಗ ಬಾಯಿಯೇ ಬಿಡುವುದಿಲ್ಲ. "ಊಟ ಮಾಡ್ತೀಯಾ?" ಎಂದರೆ ತಲೆ ಮೇಲೆ ಕೆಳಗೆ, "ಟಿವಿ ಹಾಕ್ಲಾ?" ಎಂದರೆ ತಲೆ ಆ ಕಡೆ ಈ ಕಡೆ.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದರು. ತರಗತಿಯಲ್ಲಿ ಇವಳನ್ನು ನಿಲ್ಲಿಸಿ ಗಟ್ಟಿಯಾಗಿ ಪಾಠ ಓದಿಸಿದ್ದಾರೆ. ಒಂದು ಪದದ ಹತ್ತಿರ ತಡವರಿಸಿ ಅದನ್ನೇ ಮೂರು ಸಲ ಅಂದಿದ್ದಾಳೆ. ಅಂದಿನಿಂದ ಇಡೀ ತರಗತಿ ಇವಳನ್ನು ಕಂಡರೆ ಯಾವ ಪದವನ್ನಾದರೂ ಮೂರು ಸಲ ಹೇಳಿ ನಗುತ್ತದೆ. ಇವಳು ಪುಸ್ತಕ ಮುಚ್ಚಿದವಳು ತೆರೆದೇ ಇಲ್ಲ. ಟೀಚರ್ ಖಡಾಖಂಡಿತ ಹೇಳಿದ್ದಾರೆ: ರಜೆಯಲ್ಲಿ ಪಾಠದ್ದಲ್ಲದ ಪುಸ್ತಕ ಒಂದಾದರೂ ಓದಿಕೊಂಡು ಬಂದು, ಶಾಲೆ ತೆರೆದ ದಿನ ತಮ್ಮ ಮುಂದೆ ಅದರ ಬಗ್ಗೆ ಮಾತಾಡಬೇಕು. ಇಲ್ಲದಿದ್ದರೆ ಗೆಳತಿಯರು ಎಂಟನೆಯ ತರಗತಿಗೆ, ಇವಳು ಮತ್ತೆ ಏಳಕ್ಕೆ.

"ನೀನು ಓದಿದ ಹುಡುಗಿ ಕಣಮ್ಮ. ಹೇಗಾದ್ರೂ ಮಾಡಿ ಒಂದೇ ಒಂದು ಪುಸ್ತಕ ಓದಿಸು" ಎಂದರು ಅಕ್ಕ. ಅವರ ಕಣ್ಣಲ್ಲಿ ನೀರಿತ್ತು.

"ಒಂದಾ? ಹತ್ತು ಓದಿಸ್ತೀನಿ ನೋಡ್ತಾ ಇರಿ ಅಕ್ಕಾ!" ಎಂದೆ. ಎಷ್ಟು ಸುಲಭ! ಮಕ್ಕಳ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಏಪ್ರಿಲ್ 9, ಬುಧವಾರ

ಬಣ್ಣಬಣ್ಣದ ಚಾರ್ಟ್ ಮಾಡಿ ಗೋಡೆಗೆ ಹಚ್ಚಿದೆ. ಹತ್ತು ಪುಟ ಓದಿದರೆ ಒಂದು ಬಂಗಾರದ ನಕ್ಷತ್ರ, ಐದು ನಕ್ಷತ್ರಕ್ಕೆ ಐಸ್‌ಕ್ರೀಂ. ನನ್ನ ಶಾಲೆಯಲ್ಲಿ ಹೀಗೇ ಮಾಡುತ್ತಿದ್ದರು, ನಾನು ಓಡಿ ಓಡಿ ಓದುತ್ತಿದ್ದೆ.

ಸೈರನ್ ಆ ನಕ್ಷತ್ರಗಳನ್ನೆಲ್ಲ ತೆಗೆದು, ಮೊಳೆಗೆ ನೇತುಹಾಕಿದ್ದ ಮಾಮನ ಏಪ್ರನ್ನಿನ ಬೆನ್ನಿಗೆ ಅಂಟಿಸಿದಳು. ಇವರು ನೋಡದೆ ಅದನ್ನೇ ತೊಟ್ಟು ರಟ್ಟು ತರಲು ಪೇಟೆಗೆ ಹೋಗಿ ಬಂದರು. ದಾರಿಯಲ್ಲಿ ಯಾರೋ "ಏನ್ ಸಾರ್, ಪ್ರಮೋಷನ್ನಾ?" ಎಂದರಂತೆ.

ನನಗೆ ನಗು ಬರಲಿಲ್ಲ. ಸರಿ, ಸ್ವಲ್ಪ ಬಂತು.

ಏಪ್ರಿಲ್ 11, ಶುಕ್ರವಾರ

ಸಂಜೆ ಐದರಿಂದ ಆರು ಓದುವ ಸಮಯ ಎಂದು ಗೊತ್ತುಮಾಡಿದೆ. ಅವಳು ಪುಸ್ತಕ ತೆರೆದಿಟ್ಟುಕೊಂಡು ಗಡಿಯಾರ ಓದಿದಳು. ಆರು ಹೊಡೆಯಿತು. ಎದ್ದಳು.

"ಬಲವಂತದ ಮಾಘಸ್ನಾನ" ಎಂದರು ಇವರು.

"ಹಾಗಾದ್ರೆ ನೀವೇ ಓದಿಸಿ!"

"ನನಗೆ ಹೊಲಿಯೋಕೆ ಬರುತ್ತೆ, ಓದಿಸೋಕೆ ಬರಲ್ಲ."

ಅಕ್ಕನ ಫೋನ್ ಬಂದಾಗ "ಶುರುವಾಗಿದೆ ಅಕ್ಕಾ" ಎಂದೆ. ಗಡಿಯಾರವಾದರೂ ಓದಿದ್ದಾಳಲ್ಲ.

ಏಪ್ರಿಲ್ 14, ಸೋಮವಾರ

ಇಂದು ನಾನು ಅರ್ಧ ಬೈಂಡರ್ ಆದೆ! ಹಳೆಯ ಪುಸ್ತಕದ ದಾರ ಕತ್ತರಿಸಿದರೆ ಅದು ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಮಡಿಕೆಗೆ ಒಂದು ಫಾರಂ ಎನ್ನುತ್ತಾರೆ. ಹರಿದ ಅಂಚಿಗೆ ತೆಳುಕಾಗದ ಹಚ್ಚಿ ಒಣಗಿಸಿ, ಫಾರಂಗಳನ್ನು ಸಾಲಾಗಿ ಜೋಡಿಸಿ ಕೊಟ್ಟರೆ ಇವರು ಹೊಲಿಯುತ್ತಾರೆ. ಆಮೇಲೆ ಬೆನ್ನಿಗೆ ಅಂಟು, ರಟ್ಟು, ಮೇಲೆ ಬಟ್ಟೆ. ಜೋಡಿಸುವುದು ಈಗ ನನ್ನ ಇಲಾಖೆ. ನಾನು ಅಕ್ಷರದ ಗೊಡವೆಗೇ ಹೋಗುವುದಿಲ್ಲ, ಅಡಿಯಲ್ಲಿರುವ ಪುಟಸಂಖ್ಯೆ ನೋಡಿ ಚಕಚಕನೆ ಪೇರಿಸುತ್ತೇನೆ. ಎಂಥ ಬುದ್ಧಿ ನನ್ನದು! ಮುಖಪುಟವೇ ಇಲ್ಲದ, ಒಂದೇ ಅಳತೆಯ ಎರಡು ಪುಸ್ತಕಗಳನ್ನು ಒಟ್ಟಿಗೇ ಜೋಡಿಸಿದೆ. ನಡುವೆ ಇವರು "ಟೀ ರೆಡಿ" ಎಂದು ಕೂಗಿದರು. ಇವರೇ ಮಾಡಿದ ಟೀ, ಇವರು ನನಗಾಗಿ ಮಾಡಿದ ಮೊದಲ ಟೀ! ಅರ್ಧದಲ್ಲೇ ಬಿಟ್ಟು ಓಡಿದೆ. ಟೀ ಕಷಾಯದಂತಿತ್ತು. ಎರಡು ಲೋಟ ಕುಡಿದೆ. ಬಂದು ಮಿಕ್ಕದ್ದನ್ನು ಮುಗಿಸಿದೆ.

ಸೈರನ್ ಮೂಲೆಯಲ್ಲಿ ಕುಳಿತು ದಾರಕ್ಕೆ ಮೇಣ ಉಜ್ಜುತ್ತಿದ್ದಳು. ಪುಸ್ತಕ ಮುಟ್ಟಲಿಲ್ಲ.

ಏಪ್ರಿಲ್ 19, ಶನಿವಾರ

ಮೊದಲ ಗಂಟು ಲೈಬ್ರರಿಗೆ ಹೋಯಿತು. ಉಳಿದವು ಒಣಗುತ್ತಿವೆ. ಅಂಟು ಸೋರಿ ಹಾಳೆ ಹಾಳೆಗೆ ಕಚ್ಚಿಕೊಂಡಿರುತ್ತದಂತೆ. ಕೊಡುವ ಮುನ್ನ ಪ್ರತಿಯೊಂದು ಹಾಳೆಯನ್ನೂ ತಿರುವಿ ಬಿಡಿಸಬೇಕು. ಇವರು ಆ ಕೆಲಸವನ್ನು ಸೈರನ್‌ಗೆ ಕೊಟ್ಟರು. "ಓದಬೇಡ, ಬರೀ ಬಿಡಿಸು. ಓದ್ತಾ ಕೂತ್ರೆ ಕೆಲಸ ಸಾಗಲ್ಲ" ಎಂದರು. ಓದಬೇಡ ಎನ್ನುತ್ತಾರಲ್ಲ ಈ ಮನುಷ್ಯ! ನಾನು ಇಲ್ಲಿ ಓದಿಸಲು ಒದ್ದಾಡುತ್ತಿದ್ದೇನೆ. ಮುನಿಸಿಕೊಂಡೆ. ಎಡಗೆನ್ನೆಯ ಗುಳಿ ನೋಡಿ ಮುನಿಸು ಮರೆತೆ.

ಏಪ್ರಿಲ್ 22, ಮಂಗಳವಾರ

ಸೈರನ್ ನಕ್ಕಳು!

ಮೇಲೆ ಬಟ್ಟೆ ಮಡಿಸುತ್ತಿದ್ದೆ. ಕೆಳಗೆ ತುಕ್ಕುಹಿಡಿದ ಬಾಗಿಲು ತೆರೆದಂಥ ಸದ್ದು. ಹೋಗಿ ನೋಡಿದರೆ ಇವಳು, ಹೊಟ್ಟೆ ಹಿಡಿದುಕೊಂಡು.

"ಅತ್ತೆ, ದೀಪಸ್ತಂಭದ ಬಾಗಿಲಲ್ಲಿ ಆನೆ!"

"ಏನೇ?"

"ಆನೆ ಅತ್ತೆ. ಅದಕ್ಕೆ ನೆಗಡಿ ಬೇರೆ."

ನೋಡೋಣ ಎಂದು ಪುಸ್ತಕ ತೆಗೆದುಕೊಂಡು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಸಮುದ್ರದ ನಡುವಿನ ಬಂಡೆಯ ಮೇಲೆ ಒಂದು ದೀಪಸ್ತಂಭ. ಎಣ್ಣೆ ತರಲು ದೋಣಿಯಲ್ಲಿ ಹೋದ ಅಪ್ಪ ಮರಳಿಲ್ಲ. ಬಿರುಗಾಳಿ ಎದ್ದಿದೆ, ದೀಪ ಆರದಂತೆ ಮಗಳೊಬ್ಬಳೇ ಕಾಯುತ್ತಿದ್ದಾಳೆ. ನಾನು ಬೆರಳಿಟ್ಟು ಒಂದೊಂದೇ ಪದ ದಾಟುತ್ತಿದ್ದೆ. "ಕಂ... ಕಂದೀ... ಕಂದೀಲಿನ..."

"ಅತ್ತೆ, ನೀವು ಹೀಗಾ ಓದೋದು?" ಎಂದಳು. ಅವಳ ಕಣ್ಣು ಇಷ್ಟಗಲ ಆಗಿತ್ತು.

"ಹೂಂ ಕಣೆ, ನಂದು ಗೂಡ್ಸ್ ಗಾಡಿ. ತಡಿ, ತಡಿ."

"ನನಗಿಂತ ನಿಧಾನ!"

"ಆಗಲಿ ಬಿಡೆ, ಅವಸರ ಏನು?"

"ಬಾಗಿಲು ತಟ್ಟಿದಾರೆ ಅತ್ತೆ, ಈಗ ತೆಗೀತಾಳೆ. ಅಯ್ಯೋ, ಕೊಡಿ ಇಲ್ಲಿ!" ಎಂದು ಕಿತ್ತುಕೊಂಡು ಓದಿಯೇಬಿಟ್ಟಳು, ಗಟ್ಟಿಯಾಗಿ. "ಅವಳು ಅಗುಳಿ ಸರಿಸಿದಳು. ಕಂದೀಲು ಎತ್ತಿ ಹಿಡಿದಳು. ಹೊರಗೆ ನಿಂತಿದ್ದದ್ದು" ಎಂದು ಪಕ್ಕದ ಪುಟಕ್ಕೆ ದಾಟಿದಳು. "ಆನೆ. ಅದಕ್ಕೆ ನಿನ್ನೆಯಿಂದ ನೆಗಡಿ. ಒಂದೇ ಸೀನಿಗೆ ಡೇರೆಯ ಗೂಟಗಳೆಲ್ಲ ಕಿತ್ತುಬಂದು, ಜೋಕರ್ ಅಣ್ಣತಮ್ಮಂದಿರು ಒಬ್ಬರ ಚಡ್ಡಿ ಒಬ್ಬರು ಹಿಡಿದುಕೊಂಡು..." ಅಲ್ಲಿ ಯಾವುದೋ ಪದಕ್ಕೆ ತಡೆದು, ನಿಂತು, ನನ್ನ ಮುಖ ನೋಡಿದಳು. ಯಾಕೆ ನಿಂತಳೋ ಹುಡುಗಿ, ನನಗೆ ಜೀವ ಹೋಗುತ್ತಿತ್ತು.

"ಆಮೇಲೆ? ಚಡ್ಡಿ ಉಳೀತಾ?" ಎಂದೆ.

ಅವಳು ಓದಿದಳು. ನಾವಿಬ್ಬರೂ ನಕ್ಕೂ ನಕ್ಕೂ ಗೋಡೆಗೆ ಒರಗಿದೆವು. ಅಷ್ಟರಲ್ಲಿ ಹಿಂದಿನ ಪುಟಕ್ಕೆ ಹೋಗಿ ಇನ್ನೊಮ್ಮೆ ನೋಡಿದೆ. ಬಂಡೆಯ ಮೇಲೆ ಡೇರೆ ಹೇಗೆ ಬಂತು? ಜೋಕರ್‌ಗಳು ಎಲ್ಲಿಂದ ಬಂದರು?

ಅಯ್ಯೋ, ಆ ಟೀ!

ಎರಡೂ ಪುಸ್ತಕಗಳ ಅರ್ಧ ಜೋಡಿಸಿ ಟೀಗೆ ಓಡಿದ್ದೆ. ಬಂದು ಆ ಕಥೆಯ ಮಿಕ್ಕರ್ಧವನ್ನು ಈ ಗುಡ್ಡೆಗೆ, ಈ ಕಥೆಯದನ್ನು ಆ ಗುಡ್ಡೆಗೆ ಪೇರಿಸಿಬಿಟ್ಟಿದ್ದೇನೆ. ಪುಟಸಂಖ್ಯೆ ಮಾತ್ರ ಅಚ್ಚುಕಟ್ಟು.

ಇವರು ಬಂದು ಪುಸ್ತಕವನ್ನು ತಿರುಗಿಸಿ, ಮುರುಗಿಸಿ, ಬೆನ್ನು ಸವರಿ ನೋಡಿದರು. "ಹೊಲಿಗೆ ಗಟ್ಟಿಯಾಗಿದೆ. ಕಥೆ ಮಾತ್ರ ಊರು ಬಿಟ್ಟಿದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇನ್ನೊಂದು ಪುಸ್ತಕ, ಅಂದರೆ ಸರ್ಕಸ್‌ನಿಂದ ಶುರುವಾಗಿ ಸಮುದ್ರದಲ್ಲಿ ಮುಗಿಯುವುದು, ಮೊದಲ ಗಂಟಿನಲ್ಲೇ ಲೈಬ್ರರಿಗೆ ಹೋಗಿಬಿಟ್ಟಿದೆ.

ಏಪ್ರಿಲ್ 23, ಬುಧವಾರ

ಮೂವರೂ ಲೈಬ್ರರಿಗೆ ಹೋದೆವು. ಇವರು ಪುಸ್ತಕವನ್ನು ಮೇಜಿನ ಮೇಲಿಟ್ಟು "ತಪ್ಪಾಗಿದೆ ಮೇಡಂ, ನನ್ನಿಂದ" ಎಂದರು.

"ಇವರಿಂದ ಅಲ್ಲ, ನನ್ನಿಂದ ಮೇಡಂ. ಪುಟಸಂಖ್ಯೆ ನೋಡಿದೆ, ಕಥೆ ನೋಡಲಿಲ್ಲ" ಎಂದೆ.

ಮೇಡಂ ಕನ್ನಡಕ ಇಳಿಸಿ ಕಣ್ಣು ಹಾಯಿಸಿದರು. ಕಥೆ ದೀಪಸ್ತಂಭದ ಬಾಗಿಲ ಹತ್ತಿರ ಬಂದಾಗ ಅವರ ತುಟಿ ಒಂದು ಕ್ಷಣ ಅದುರಿತು, ನಾನು ನೋಡಿದೆ. ಆದರೆ ದನಿ ಗಡುಸು. "ಅಂಗಡಿ ನಿಮ್ಮ ಮಾವನವರ ಕೈಲಿದ್ದಾಗ ಇಷ್ಟು ವರ್ಷ ನಮ್ಮ ಕೆಲಸ ಮಾಡಿದ್ರು, ಒಂದು ಹಾಳೆ ತಲೆಕೆಳಗಾಗಿರಲಿಲ್ಲ. ಇದರ ಜೋಡಿ ಒಂದು ಸಂಸಾರದ ಜೊತೆ ಪ್ರವಾಸ ಹೋಗಿದೆ. ರಜೆ ಮುಗಿಯೋ ಹೊತ್ತಿಗೆ ಬರುತ್ತೆ. ಅಲ್ಲಿವರೆಗೆ ಇದು ನಿಮ್ಮ ಹತ್ರಾನೇ ಇರಲಿ. ಬಂದ ಮೇಲೆ ಎರಡನ್ನೂ ಬಿಚ್ಚಿ ಸರಿ ಮಾಡಿಕೊಡಿ. ಮುಂದಿನ ಗಂಟಿನಲ್ಲಿ ಹೀಗಾಗಬಾರದು."

ಅಬ್ಬಾ! ಮುಂದಿನ ಗಂಟು ಎಂದರು! ಅಂದರೆ ಕೆಲಸ ಕಿತ್ತುಕೊಳ್ಳಲಿಲ್ಲ! ನಾನು ಅಲ್ಲೇ ಇವರ ಕೈ ಹಿಡಿದುಕೊಂಡೆ, ಎಲ್ಲರ ಎದುರಿಗೇ.

ಹೊರಡುವಾಗ ಸೈರನ್ ನಿಂತಲ್ಲಿಂದ ಅಲ್ಲಾಡಲಿಲ್ಲ. "ಆ ಪುಸ್ತಕದಲ್ಲಿ ಅವಳ ಅಪ್ಪ ವಾಪಸ್ ಬರ್ತಾರಾ?" ಎಂದಳು, ಮೇಡಂ ಕಡೆ ನೋಡುತ್ತ. ಅಪರಿಚಿತರ ಜೊತೆ ಇವಳು ಮಾತಾಡಿದ್ದು ನಾನು ಕಂಡಂತೆ ಇದೇ ಮೊದಲು.

"ನನಗೆ ಗೊತ್ತು. ಹೇಳಲ್ಲ" ಎಂದರು ಮೇಡಂ.

ಹಾಗೆ ಹೇಳುವುದಾ ಮಗುವಿಗೆ? ಕಟುಕರು.

ಏಪ್ರಿಲ್ 29, ಮಂಗಳವಾರ

ಇನ್ನು ಜೋಡಿಸುವ ಮೊದಲು ಪ್ರತಿ ಫಾರಂನ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಓದಿ ಕೂಡಿಸಬೇಕು ಎಂದು ಇವರ ಅಪ್ಪಣೆಯಾಗಿದೆ. ನಾನು ಕೊನೆಯ ಸಾಲು ಓದುತ್ತೇನೆ, ಸೈರನ್ ಮೊದಲ ಸಾಲು. ಹೊಂದಿದರೆ "ಸೇರಿತು" ಎಂದು ಕೂಗುತ್ತೇವೆ. ತೊಂದರೆ ಏನೆಂದರೆ, ಒಂದು ಸಾಲು ಓದಿದರೆ ಮುಂದಿನದು ಬಿಡುವುದಿಲ್ಲ. ಇಂದು ಕಳ್ಳ ಸಿಕ್ಕಿಬೀಳುವ ಜಾಗದಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕುಳಿತಿದ್ದಾಗ ಇವರು "ಫಾರಂ ಎಲ್ಲಿ?" ಎಂದರು. "ಒಂದ್ನಿಮಿಷ!" ಎಂದು ಇಬ್ಬರೂ ಒಟ್ಟಿಗೇ ಅವರ ಮೇಲೆ ರೇಗಿದೆವು.

"ಒಂದು ಕಾನ್ವೆಂಟಿತ್ತು, ಈಗ ಎರಡಾಯ್ತು" ಎಂದು ಗೊಣಗುತ್ತಾ ಇವರೇ ಟೀ ಮಾಡಲು ಹೋದರು.

ಚಾರ್ಟಿನ ಹಿಂಬದಿಯಲ್ಲಿ ಸೈರನ್ ದೀಪಸ್ತಂಭ ಬರೆದಿದ್ದಾಳೆ. ಪಕ್ಕದಲ್ಲಿ ದೂರದ ದೋಣಿ. ದೋಣಿಯಲ್ಲಿದ್ದವನ ತಲೆಯ ಮೇಲೆ ಅಡುಗೆಯವರ ಟೋಪಿ. ದೋಣಿ ಓಡಿಸುವವರಿಗೆ ಆ ಟೋಪಿ ಯಾಕೋ, ನಾನು ಕೇಳಲಿಲ್ಲ.

ಮೇ 4, ಭಾನುವಾರ

ಹಾಲು ಉಕ್ಕಿ ಒಲೆಯೆಲ್ಲ ರಾಡಿ. ಈ ಸ್ಟೌವೇ ಸರಿಯಿಲ್ಲ, ಉರಿ ಸಣ್ಣ ಮಾಡಿದರೂ ದೊಡ್ಡದಾಗುತ್ತದೆ. ಪುಸ್ತಕದಿಂದ ಎದ್ದು ಹೋಗಿ ನೋಡುವಷ್ಟರಲ್ಲಿ ಪಾತ್ರೆ ತಳ ಹಿಡಿದಿತ್ತು. ಮೊನ್ನೆಯೂ ಹೀಗೇ ಆಗಿತ್ತು.

ಮೇ 9, ಶುಕ್ರವಾರ

ಅಕ್ಕನಿಗೆ ಡ್ಯೂಟಿ ಬದಲಾಗಿದೆ, ನಾಳೆ ಬಂದು ಮಗಳನ್ನು ಕರೆದೊಯ್ಯುತ್ತಾರೆ. ಸೈರನ್ ಮೊದಲಿನಂತೆ ಬರೀ ತಲೆಯಾಡಿಸುತ್ತಿದ್ದಾಳೆ. ಲೈಬ್ರರಿಗೆ ಫೋನ್ ಮಾಡಿದೆ. ಪ್ರವಾಸ ಹೋದ ಸಂಸಾರ ಇನ್ನೂ ಬಂದಿಲ್ಲ.

ಅರ್ಧ ದೀಪಸ್ತಂಭ, ಅರ್ಧ ಆನೆ. ಇದನ್ನು ಟೀಚರ್ ಪುಸ್ತಕ ಎಂದು ಒಪ್ಪುತ್ತಾರಾ? ಬೇರೆಯವನ್ನೂ ಓದಿದ್ದಾಳಲ್ಲ ಎಂದರೆ, ಅವಳಿಗೆ ಟೀಚರ್ ಮುಂದೆ ಹೇಳಬೇಕೆನಿಸಿರುವುದು ಇದೊಂದೇ. ನಾನು ಗಮನವಿಟ್ಟು ಕೆಲಸ ಮಾಡಿದ್ದರೆ ಮಗು ಇಡೀ ಕಥೆ ಓದಿಕೊಂಡು ಹೋಗುತ್ತಿತ್ತು. ಒಂದು ವರ್ಷ ಕಳೆದುಕೊಂಡರೆ ಅಕ್ಕನಿಗೆ ಮುಖ ಹೇಗೆ ತೋರಿಸಲಿ?

ಮೇ 10, ಶನಿವಾರ

ಹೋದಳು. ಅಂಗಡಿ ತೀರಾ ನಿಶ್ಶಬ್ದ. "ಸೇರಿತು" ಎಂದು ಒಬ್ಬಳೇ ಕೂಗಿದೆ, ಚೆನ್ನಾಗಿರಲಿಲ್ಲ.

ಮೇ 22, ಗುರುವಾರ

ಬಂತು! ಸರ್ಕಸ್ಸಿನಿಂದ ಸಮುದ್ರಕ್ಕೆ ಹೋಗುವ ಪುಸ್ತಕ ಮರಳಿ ಬಂತು. ಆ ಮನೆಯ ಮಕ್ಕಳು ಮೇಡಂಗೆ "ಬಿಚ್ಚಬೇಡಿ, ಹೀಗೇ ಚೆನ್ನಾಗಿದೆ" ಎಂದರಂತೆ. ಇವರು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ, ದಾರ ಕತ್ತರಿಸುವುದು ಶನಿವಾರ.

ಮಧ್ಯಾಹ್ನ ಊಟದ ತಟ್ಟೆ ತೊಳೆಯುವ ಮುನ್ನ ಸುಮ್ಮನೆ ತೆರೆದೆ. ಮುಚ್ಚಿದಾಗ ದೀಪ ಹಾಕುವ ಹೊತ್ತಾಗಿತ್ತು. ತಟ್ಟೆಗಳನ್ನು ಇವರು ತೊಳೆದಿಟ್ಟಿದ್ದರು. ಕಥೆ ಹೀಗೆ ಮುಗಿಯುತ್ತದೆ ಎಂದು ನಾನು ಎಣಿಸಿರಲೇ ಇಲ್ಲ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ಇವರಿಗೆ ಹೇಳಲು ಹೋದರೆ ಕಿವಿ ಮುಚ್ಚಿಕೊಂಡರು, ತಾವೂ ಓದಬೇಕಂತೆ!

ಮೇ 24, ಶನಿವಾರ

ಅಮ್ಮಾ, ಎದೆಯ ಮೇಲಿನ ಕಲ್ಲು ಇಳಿಯಿತು!

ಬೆಳಿಗ್ಗೆ ಅಕ್ಕನ ಫೋನ್. ನಿನ್ನೆ ಅದೇ ಟೀಚರ್ ಆಸ್ಪತ್ರೆಗೆ ಬಂದಿದ್ದರಂತೆ, ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಲು. ಮನೆಯಲ್ಲಿ ಯಾರೂ ಇಲ್ಲವೆಂದು ಸೈರನ್ ಅಮ್ಮನ ಜೊತೆ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದಳು.

"ಟೀಚರ್ ಸುಮ್ನೆ ಕೇಳಿದ್ರು ಕಣಮ್ಮ, ಏನಾದ್ರೂ ಓದಿದೆಯಾ ಅಂತ. ಇವಳು ಶುರು ಹಚ್ಕೊಂಡ್ಲು ನೋಡು! ಬಿರುಗಾಳಿ ಅಂತೆ, ದೀಪ ಅಂತೆ, ಬಾಗಿಲು ತಟ್ಟಿದ್ರಂತೆ. ನಡುನಡುವೆ ತಡೀತಿದ್ಲು. ತಡೆದ್ರೂ ನಿಲ್ಲಿಸ್ಲಿಲ್ಲ. ಸರದಿಯಲ್ಲಿದ್ದವರೆಲ್ಲ ಸುತ್ತ ಬಂದು ನಿಂತ್ರು. ಆನೆ ಸೀನಿದ್ದಕ್ಕೆ ಕಾಂಪೌಂಡರ್ ನಕ್ಕಿದ್ದಕ್ಕೆ, ಕೈಯಲ್ಲಿದ್ದ ಹತ್ತಿ ಉಂಡೆಯೆಲ್ಲ ಕೆಳಗೆ! ಟೀಚರ್ ತೋಳು ಮಡಚಿ ಹಾಗೇ ಕೂತಿದ್ರು, ಸೂಜಿ ಚುಚ್ಚಿದ್ದೂ ಗೊತ್ತಾಗ್ಲಿಲ್ಲ ಅವರಿಗೆ."

"ಆಮೇಲೆ ಅಕ್ಕಾ? ಟೀಚರ್ ಏನಂದ್ರು?"

"ಇದು ಎರಡು ಪುಸ್ತಕ ಸೇರಿಹೋಗಿರೋದು ಅಂತ ಇವಳೇ ಹೇಳಿಬಿಟ್ಲು. ಟೀಚರ್ ನಕ್ಕು, 'ಹಾಗಾದ್ರೆ ಎರಡು ಓದಿದ ಹಾಗಾಯ್ತು. ನಡಿ ಎಂಟಕ್ಕೆ' ಅಂದ್ರು. ಅಲ್ಲೇ! ನನ್ನ ಮುಂದೆ!"

ನಾನು ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ. ಅಕ್ಕನೂ ಅತ್ತರು. ಇವರು ಓಡಿ ಬಂದು ಯಾರಿಗೇನಾಯಿತು ಎಂದು ಗಾಬರಿಯಾದರು.

"ಇನ್ನು ಅವಳನ್ನ ಅಲ್ಲಿಗೆ ಕಳಿಸೋ ಅಗತ್ಯ ಇಲ್ಲ. ಹೊಸ ಜೋಡಿ, ನೀವೂ ಸ್ವಲ್ಪ ಹಾಯಾಗಿರಿ" ಎಂದರು ಅಕ್ಕ. ಅಷ್ಟರಲ್ಲಿ ಆ ಕಡೆ ಎಳೆದಾಟ, ಫೋನ್ ಕೈಬದಲಾಯಿತು.

"ಅತ್ತೆ, ಆ ಇನ್ನೊಂದು ಬಂತಾ?"

"ಬಂತು."

"ಮಾಮ ಬಿಚ್ಚಿಬಿಟ್ರಾ?"

"ಈಗ ಕತ್ತರಿ ಹುಡುಕ್ತಾ ಇದ್ದಾರೆ."

"ಬೇಡ ಅನ್ನಿ! ನೀವು ಓದಿದ್ರಾ?"

"ಮೊನ್ನೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ ಕಣೆ. ಅವಳ ಅಪ್ಪ..."

"ಹೇಳ್ಬೇಡಿ! ಹೇಳಿದ್ರೆ ನಿಮ್ಮ ಜೊತೆ ಮಾತೇ ಆಡಲ್ಲ. ನಾನೇ ಬಂದು ಓದ್ತೀನಿ."

"ಪಾಸಾಯ್ತಲ್ಲೇ, ಇನ್ನೇನು ನಿನಗೆ?" ಎಂದು ಅಕ್ಕ ಹಿಂದಿನಿಂದ ಕೂಗಿದರು. "ಒಂದು ಪುಸ್ತಕಕ್ಕೋಸ್ಕರ ಟ್ರೈನ್ ಹತ್ತಬೇಕಾ? ಕೊರಿಯರ್ ಮಾಡಿಸ್ಕೊಂಡ್ರಾಯ್ತು."

"ಕೊರಿಯರ್‌ನವರು ಕಳೆದುಬಿಟ್ರೆ?" ಎಂದಳು ಸೈರನ್.

ನಾನು ಮೆಟ್ಟಿಲಿಳಿದು ಓಡಿ ಇವರ ಕೈಯಿಂದ ಕತ್ತರಿ ಕಸಿದುಕೊಂಡೆ. ಎರಡೂ ಪುಸ್ತಕ ಕಪಾಟಿನಲ್ಲಿವೆ, ಬೀಗ ಹಾಕಿದ್ದೇನೆ. ಕೀಲಿ ನನ್ನ ಬಳಿ, ಇಲ್ಲದಿದ್ದರೆ ಇವರು ಮೊದಲು ಓದಿ ಅವಳಿಗೆ ಬಾಯಿಬಿಡುತ್ತಾರೆ. ಆಸ್ಪತ್ರೆಯ ಡ್ಯೂಟಿ ಹೊಂದಿಸಿಕೊಂಡು ಅಕ್ಕ ಸಂಜೆ ಮತ್ತೆ ಫೋನ್ ಮಾಡಿದರು. ಹೆಂಗಸರ ಬೋಗಿಯಲ್ಲಿ ಕೂರಿಸಿ ಕಳಿಸುತ್ತಾರೆ, ಒಬ್ಬಳೇ ಬರುತ್ತಾಳೆ: ಬುಧವಾರ, ಬೆಳಗಿನ ಪ್ಯಾಸೆಂಜರ್.